ಎಷ್ಟನೇ ಮಾಸ್ತಪ್ಪ?

ಎಮ್ಮೆಗುಂಡಿಕೊಪ್ಪದಲ್ಲಿ ಮಾಸ್ತಪ್ಪ ಎಂಬ ಹೆಸರಿನವರು ಒಬ್ಬರೇ ಇದ್ದಾರೆಂದು ಸಾರ್ವಜನಿಕರಲ್ಲಿ ಬಹುಕಾಲದಿಂದ ಬೇರೂರಿದ್ದ ತಪ್ಪು ಕಲ್ಪನೆಯನ್ನು ಅವಳಿ ಗ್ರಾಮ ಪ್ರಾಧಿಕಾರವು ಕಳೆದ ವರ್ಷ ಅಧಿಕೃತವಾಗಿ ಹೋಗಲಾಡಿಸಿತು. ಅವರು ಒಂಬತ್ತು ಮಂದಿ. ಈ ಸಂಗತಿ ತಿಳಿದು ಅತಿ ಹೆಚ್ಚು ಆಶ್ಚರ್ಯಪಟ್ಟವನು ಮಾಸ್ತಪ್ಪನೇ.

ಎಮ್ಮೆಗುಂಡಿಕೊಪ್ಪ ಇರುವುದು ಜಡೆಯಿಂದ ಬಂದಳಿಕೆ ಕಡೆಗೆ ಹೋಗುವ ದಾರಿಯಲ್ಲಿ. ಅದು ಶಿಕಾರಿಪುರದವರದ್ದು ಎಂದು ಸೊರಬದವರೂ, ಸೊರಬದವರದ್ದು ಎಂದು ಶಿಕಾರಿಪುರದವರೂ ಪರಸ್ಪರ ಗೌರವದಿಂದ ಬಿಟ್ಟುಕೊಡುತ್ತಾ ಬಂದಿದ್ದಾರೆ. ಅರಳಿಕಟ್ಟೆಯ ಹಿಂದೆ ಮಾಸ್ತಪ್ಪನದೊಂದು ಹಿಟ್ಟಿನ ಗಿರಣಿ. ಅಲ್ಲಿ ಅಕ್ಕಿ, ರಾಗಿ, ಒಣಮೆಣಸಿನಕಾಯಿ ಎಲ್ಲವನ್ನೂ ಬೀಸಿಕೊಡುತ್ತಾನೆ. ಮೆಣಸಿನಕಾಯಿಯ ಹಿಂದೆ ಅಕ್ಕಿ ತಂದವರ ಮನೆಯಲ್ಲಿ ಮಾತ್ರ ರೊಟ್ಟಿಗೆ ಚಟ್ನಿ ಬೇಕಾಗುವುದಿಲ್ಲ. ಮನುಷ್ಯ ಒಳ್ಳೆಯವನು. ಎಲ್ಲಾದರೂ ಏನಾದರೂ ನಡೆಯುತ್ತಿದೆಯೆಂದರೆ ಕೈ ಹಿಂದೆ ಕಟ್ಟಿಕೊಂಡು ಹೋಗಿ ನಿಲ್ಲಬೇಕು, ಅದೊಂದೇ ಚಟ. ಬೋರ್‌ವೆಲ್ ಕೊರೆಯುವಾಗ ನಿಂತಿದ್ದಾನೆ, ಟವರ್ ಏರಿಸುವಾಗ ನಿಂತಿದ್ದಾನೆ, ಊರಿಗೆ ಬಂದ ಹೊಸ ಲಾರಿಯ ಟಯರು ಬದಲಿಸುವಾಗ ಊಟ ಬಿಟ್ಟು ನಿಂತಿದ್ದಾನೆ.

ಅಧಿಕಾರಿಗಳು ಊರೂರು ಸುತ್ತುವುದರಿಂದ ಅಧಿಕಾರಿಗಳಿಗೂ ಊರುಗಳಿಗೂ ಆಗುತ್ತಿದ್ದ ತೊಂದರೆಯನ್ನು ಮನಗಂಡು ಪ್ರಾಧಿಕಾರವು ಅವಳಿ ಗ್ರಾಮ ಯೋಜನೆಯನ್ನು ಜಾರಿಗೆ ತಂದಿತ್ತು. ಪ್ರತಿ ಊರನ್ನೂ ಸುತ್ತಲಿಂದ ಚಿತ್ರ ತೆಗೆದು, ಅದರಂಥದ್ದೇ ಇನ್ನೊಂದು ಊರನ್ನು ಕಂಪ್ಯೂಟರಿನೊಳಗೆ ಕಟ್ಟುವುದು. ಅಧಿಕಾರಿಯು ಶಿಕಾರಿಪುರದ ಕಚೇರಿಯಲ್ಲಿ ಕೂತು ಕನ್ನಡಕ ಹಾಕಿಕೊಂಡರೆ ನೇರ ಊರಿನ ನಡುವೆ ನಿಂತಂತೆ. ಧೂಳಿಲ್ಲ, ನಾಯಿ ಬೊಗಳಿದರೂ ಕಚ್ಚುವುದಿಲ್ಲ, ಅರ್ಜಿ ಹಿಡಿದು ಯಾರೂ ಅಡ್ಡ ಬರುವುದಿಲ್ಲ.

ಕ್ಯಾಮೆರಾ ಬರುವ ಹಿಂದಿನ ದಿನ ಆಟೋದಲ್ಲಿ ಮೈಕು ಕಟ್ಟಿ ಪ್ರಕಟಣೆ ಮಾಡಿದರು. "ಚಿತ್ರೀಕರಣದ ವೇಳೆ ಗ್ರಾಮಸ್ಥರು ಸಹಜವಾಗಿ ಇರತಕ್ಕದ್ದು. ಸಹಜವಾಗಿ ಇರಲು ಸಾಧ್ಯವಾಗದವರು ಮನೆಯೊಳಗೆ ಇರತಕ್ಕದ್ದು." ತಾನು ಸಹಜವೆಂದು ಖಾತ್ರಿಯಾಗಿ ಹೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಎಲ್ಲರೂ ಬಾಗಿಲು ಹಾಕಿಕೊಂಡು ಒಳಗೆ ಕೂತರು. ಚಹಾದಂಗಡಿಯ ರಾಜಪ್ಪನಂತೂ ಬೋಂಡದ ಬಾಣಲೆಯನ್ನೂ ಒಳಗೆ ತೆಗೆದುಕೊಂಡು ಹೋದ.

ಮಾಸ್ತಪ್ಪನ ಹೆಂಡತಿ ಯಮುನಮ್ಮ ತಂಗಿಯ ಮಗುವಿನ ನಾಮಕರಣಕ್ಕೆಂದು ಸೊರಬಕ್ಕೆ ಹೋಗಿದ್ದಳು. ತಡೆಯುವವರಿಲ್ಲ. ಜೀಪಿನ ನೆತ್ತಿಯ ಮೇಲೆ ಕಂಬ, ಕಂಬದ ತುದಿಗೆ ಮೈಯೆಲ್ಲ ಕಣ್ಣಿರುವ ಚೆಂಡು, ಅದು ಊರಿನೊಳಗೆ ಮೆಲ್ಲಗೆ ಬರುವುದು ಕಂಡದ್ದೇ ಮಾಸ್ತಪ್ಪ ಗಿರಣಿ ಬಿಟ್ಟು ಹೊರಟ.

"ಎಂತದ್ರೀ ಇದು?" ಎಂದು ಜೀಪಿನವರನ್ನು ಕೇಳಿದ.

"ಕ್ಯಾಮೆರಾ."

"ನಮ್ಮನ್ನೂ ತೆಗೀತದನ?"

"ಇದ್ದದ್ದನ್ನೆಲ್ಲ ತೆಗೀತದೆ."

"ಹಂಗಾರೆ ಚಾ ಕುಡ್ಕಂಡು ಹೋಗಿ."

ಜೀಪಿನವರು ಚಹಾ ಕುಡಿಯಲಿಲ್ಲ. ಮಾಸ್ತಪ್ಪ ಬೇಜಾರು ಮಾಡಿಕೊಳ್ಳದೆ ಜೊತೆಗೆ ನಡೆದ. ಅರಳಿಕಟ್ಟೆಯ ಬಳಿ ಜೀಪು ನಿಂತಿತು, ಚೆಂಡು ಗಿರ್ರನೆ ತಿರುಗಿತು; ಮಾಸ್ತಪ್ಪ ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡಿದ. ಶಾಲೆಯ ಮುಂದೆ ನಿಂತಿತು, ಅಲ್ಲೂ ಮಾಸ್ತಪ್ಪ. ಹಾಲಿನ ಡೇರಿ, ಚೌಡಮ್ಮನ ಗುಡಿ, ನೀರಿನ ಟ್ಯಾಂಕು, ರಾಜಪ್ಪನ ಮುಚ್ಚಿದ ಅಂಗಡಿ, ಎಲ್ಲಿ ನಿಂತರೆ ಅಲ್ಲಿ, ಪ್ರತಿ ಸಲವೂ ಹೊಸದಾಗಿ ಬಂದವನಂತೆ "ಎಂತದ್ರೀ ಇದು?" ಎಂದು ಕೇಳಿದ. ಕೆರೆ ಏರಿಯ ಮೇಲೆ ಕಾಲಿಗೆ ಮುಳ್ಳು ಚುಚ್ಚಿ ಬಗ್ಗಿದ. ಒಂದು ಚಿತ್ರಕ್ಕೆ ಇನ್ನೊಂದು ಚಿತ್ರವನ್ನು ಹೊಲಿಯುವ ಜಾಗ ಸರಿಯಾಗಿ ಅವನ ಕುತ್ತಿಗೆಯ ಮೇಲೆ ಬಿದ್ದು, ತಲೆ ಮಾತ್ರ ಸಿಗಲಿಲ್ಲ. ಕೊನೆಯಲ್ಲಿ ಜೀಪು ಗಿರಣಿಯ ಮುಂದೆ ಬಂದಾಗ ಹುಲ್ಲಿನ ಹೇರು ಹೊತ್ತ ಟ್ರ್ಯಾಕ್ಟರೊಂದು ಅಡ್ಡ ನಿಂತು ಕೆಟ್ಟಿತ್ತು. ಕ್ಯಾಮೆರಾಕ್ಕೆ ಹುಲ್ಲು ಕಂಡಿತು. ಗಿರಣಿ ಕಾಣಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಪ್ರಾಧಿಕಾರದ ಕಡೆಯಿಂದ ಚೌಡೇಶ್ ಎಂಬ ಲೈನ್‌ಮನ್ ಗಿರಣಿಗೆ ಬಂದ. ಮೊದಲು ಚೀಲ ಇಳಿಸಿ ರಾಗಿ ಬೀಸಿಸಿಕೊಂಡ. ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, ನುಣ್ಣಗಿದೆ ಎಂದು ತೃಪ್ತಿಪಟ್ಟು, ಚೀಲ ಬೈಕಿಗೆ ಕಟ್ಟಿದ ಮೇಲೆ ವಿಷಯಕ್ಕೆ ಬಂದ.

"ಮಾಸ್ತಪ್ಪಣ್ಣ, ಗಿರಣಿ ಇಲ್ವಂತೆ."

"ಯಾರದ್ದು?"

"ನಿಂದೇ."

"ಮತ್ತೆ ಈಗ ನಿನ್ನ ರಾಗಿ ಎಲ್ಲಿ ಬೀಸ್ದೆ ಮಾರಾಯ?"

"ಅದು ನಂಗೆ ಗೊತ್ತಿಲ್ಲ. ಅವಳಿ ಊರಲ್ಲಿ ನಿನ್ನ ಗಿರಣಿ ಕಾಣ್ತಿಲ್ಲ. ಸೋಮವಾರ ಬಂದು ಕರೆಂಟ್ ತೆಗೀಬೇಕು ಅಂತ ಆರ್ಡರ್ ಆಗದೆ."

ಯೋಜನೆಯ ನಿಯಮ ಸ್ಪಷ್ಟವಾಗಿತ್ತು. ಅವಳಿಯಲ್ಲಿ ಇರುವುದೆಲ್ಲ ಊರಿನಲ್ಲಿ ಇರತಕ್ಕದ್ದು. ಅವಳಿಯಲ್ಲಿ ಇಲ್ಲದ್ದು ಊರಿನಲ್ಲಿ ಇರತಕ್ಕದ್ದಲ್ಲ. ಇದಕ್ಕಿಂತ ಸರಳವಾಗಿ ಹೇಳಲು ಯಾರಿಂದಲೂ ಸಾಧ್ಯವಿಲ್ಲ.

ಆ ಗಿರಣಿಯನ್ನು ಬಿಟ್ಟರೆ ಮಾಸ್ತಪ್ಪನಿಗೆ ಬೇರೆ ಕಸುಬಿಲ್ಲ. ಮೊದಲ ಬಸ್ಸಿಗೇ ಶಿಕಾರಿಪುರಕ್ಕೆ ಹೋದ. ಕಚೇರಿಯಲ್ಲಿ ಸಹಾಯಕ ಅವಳಿ ನಿರ್ದೇಶಕರಾದ ಈಶ್ವರ್ ಸಾಹೇಬರು ಕಣ್ಣು ಮುಚ್ಚುವಷ್ಟು ದೊಡ್ಡ ಕನ್ನಡಕ ಹಾಕಿಕೊಂಡು, ಕುರ್ಚಿಯಲ್ಲೇ ಕೂತು ಗಾಳಿಯಲ್ಲಿ ಗೇಟು ತೆಗೆಯುತ್ತಿದ್ದರು. ಪಕ್ಕದ ಮೇಜಿನಲ್ಲಿದ್ದ ತಾಂತ್ರಿಕ ಸಹಾಯಕಿ ಚೈತ್ರಶ್ರೀ, "ಕೂತ್ಕೊಳ್ರಿ. ಸಾಹೇಬ್ರು ಎಮ್ಮೆಗುಂಡಿಕೊಪ್ಪಕ್ಕೆ ಹೋಗ್ಯಾರೆ," ಎಂದಳು.

"ನಾನು ಅಲ್ಲಿಂದಲೇ ಬಂದಿದ್ದು ಕಣ್ರೀ!"

"ಹಂಗಾದ್ರೆ ದಾರೀಲಿ ತಪ್ಪಿಸ್ಕೊಂಡ್ರಿ ಬಿಡ್ರಿ."

ಸಾಹೇಬರು ಊರಿನಿಂದ ವಾಪಸಾಗುವವರೆಗೆ ಮಾಸ್ತಪ್ಪ ಬೆಂಚಿನ ಮೇಲೆ ಕಾದ. ಅವರು ಕನ್ನಡಕ ತೆಗೆದು, ಪ್ರಯಾಣದ ಆಯಾಸಕ್ಕೆ ನೀರು ಕುಡಿದು, "ಯಾರ್ರೀ ನೀವು?" ಎಂದರು.

"ಮಾಸ್ತಪ್ಪ ಸಾರ್. ಎಮ್ಮೆಗುಂಡಿಕೊಪ್ಪ."

"ಎಷ್ಟನೇ?"

ಮಾಸ್ತಪ್ಪನಿಗೆ ಅರ್ಥವಾಗಲಿಲ್ಲ. ನಮ್ಮ ಅಪ್ಪನಿಗೆ ಎರಡನೆಯ ಮಗ ಸಾರ್ ಎಂದ.

"ಅದಲ್ರೀ. ನಿಮ್ಮೂರಾಗೆ ಒಂಬತ್ತು ಜನ ಮಾಸ್ತಪ್ಪ ಅದಾರೆ. ನೀವು ಶಾಲೆ ಹತ್ರ ಇರೋರಾ, ಡೇರಿ ಹತ್ರ ಇರೋರಾ? ಈಗ ತಾನೇ ಟ್ಯಾಂಕ್ ಹತ್ರದವರ ಜೊತೆ ಮಾತಾಡಿ ಬಂದೆ. ಭಾಳ ಸಜ್ಜನ. ಚಾ ಕುಡೀರಿ ಅಂದ್ರು."

ಚೈತ್ರಶ್ರೀ ವಿವರಿಸಿದಳು. ಚಿತ್ರ ತೆಗೆದ ದಿನ ಊರೆಲ್ಲ ಖಾಲಿ ಹೊಡೆಯುತ್ತಿತ್ತಂತೆ. ಸಿಕ್ಕವರು ಒಂಬತ್ತೇ ಜನ. ಗೊಂಬೆಗಳ ಹಾಗೆ ನಿಂತಿದ್ದರೆ ಚೆನ್ನಾಗಿ ಕಾಣುವುದಿಲ್ಲ ಎಂದು ಕೃತಕ ಬುದ್ಧಿಮತ್ತೆ ಹಾಕಿ ಅವರಿಗೆ ಜೀವ ತುಂಬಿದರು. ಕಲಿಕೆಗೆಂದು ಜೀಪಿನ ಮೈಕಿನಲ್ಲಿ ಸಿಕ್ಕ ಮೂರು ವಾಕ್ಯಗಳನ್ನು ಉಣಿಸಿದರು. ಒಬ್ಬ ಮನುಷ್ಯನ ವ್ಯಕ್ತಿತ್ವಕ್ಕೆ ಮೂರು ವಾಕ್ಯ ಧಾರಾಳವಾಯಿತು. ಅದಕ್ಕಿಂತ ಕಡಿಮೆಯಲ್ಲಿ ಬಾಳು ನಿಭಾಯಿಸಿದ ಗಣ್ಯರಿದ್ದಾರೆ. ಉಳಿದ ಮಾತುಗಳನ್ನು ಬುದ್ಧಿಮತ್ತೆ ತಾನೇ ಹೊಂದಿಸಿಕೊಂಡಿತು.

"ಹಾಕಿ ನೋಡ್ರಿ," ಎಂದು ಕನ್ನಡಕವನ್ನು ಅವನ ತಲೆಗೆ ಕಟ್ಟಿದಳು.

ಮಾಸ್ತಪ್ಪ ಎಮ್ಮೆಗುಂಡಿಕೊಪ್ಪದ ಅರಳಿಕಟ್ಟೆಯ ಮುಂದೆ ನಿಂತಿದ್ದ. ಬಸ್ಸಿನ ಟಿಕೆಟ್ಟು ದಂಡವಾಯಿತಲ್ಲ ಎಂದು ಮೊದಲು ಅನ್ನಿಸಿತು. ಆಮೇಲೆ ಎದುರಿಗೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ ಮನುಷ್ಯನ ಬೆನ್ನು ಕಂಡಿತು. ಚೌಕಳಿ ಲುಂಗಿ, ಹೆಗಲ ಮೇಲೆ ಟವೆಲು, ನೆತ್ತಿಯಲ್ಲಿ ರೊಟ್ಟಿಯಷ್ಟಗಲ ಬೋಳು.

"ಅಯ್ಯೋ, ನನ್ನ ನೆತ್ತಿ ಇಷ್ಟು ಬೋಳಾಗದೆಯನ್ರೀ?" ಎಂದು ಕೂಗಿದ. ಮನೆಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಆ ಮನುಷ್ಯ ತಿರುಗಿ, "ಎಂತದ್ರೀ ಇದು?" ಎಂದ.

"ನಾನು ಮಾಸ್ತಪ್ಪ."

"ಹೌದನ? ನಾನೂ. ಚಾ ಕುಡ್ಕಂಡು ಹೋಗಿ."

ಅವನನ್ನು ಮುಟ್ಟಲು ಹೋದ ಮಾಸ್ತಪ್ಪ ಕಚೇರಿಯ ಕಬ್ಬಿಣದ ಬೀರುವಿಗೆ ಹಣೆ ಚಚ್ಚಿಕೊಂಡ. ಆದರೂ ಕನ್ನಡಕ ತೆಗೆಯಲಿಲ್ಲ. ಊರೆಲ್ಲ ಸುತ್ತಿ, ಎಲ್ಲರನ್ನೂ ಮಾತಾಡಿಸಿ, ಕೊನೆಗೆ ಗಿರಣಿ ಇರಬೇಕಾದ ಜಾಗಕ್ಕೆ ಹೋದ. ಹುಲ್ಲು. ಬಂಗಾರದ ಬಣ್ಣದ, ಎತ್ತರದ, ಯಾರೂ ಒಂದು ಮಾತು ಆಡಲಾಗದಂಥ ಹುಲ್ಲು.

"ಸಾರ್, ಇಲ್ಲೊಂದು ಗಿರಣಿ ಹಾಕ್ಸಿಕೊಡಿ. ಸೋಮವಾರ ಕರೆಂಟ್ ತೆಗೀತಾರೆ."

ಈಶ್ವರ್ ಸಾಹೇಬರು ನಿಯಮದ ಪುಸ್ತಕ ನೋಡಿದರು. ಅವಳಿಯಲ್ಲಿ ಒಂದು ಕಟ್ಟಡವನ್ನು ಸೇರಿಸಬೇಕಾದರೆ ಅವಳಿಯ ನಿವಾಸಿಗಳು ಸಭೆ ಸೇರಿ ಒಪ್ಪಬೇಕು. "ನೀವೂ ಬರ್ರಿ. ಆದ್ರೆ ನಿಮಗೆ ಮತ ಇಲ್ಲ. ನಿಮ್ಮ ಹೆಸರು ಈಗಾಗಲೇ ಒಂಬತ್ತು ಸಲ ಲೆಕ್ಕಕ್ಕೆ ಹೋಗ್ಯದೆ."

ಸಭೆಯ ದಿನ ಮಾಸ್ತಪ್ಪ ಯಮುನಮ್ಮನನ್ನೂ ಕರೆದುಕೊಂಡು ಹೋದ. ಗಂಡನಿಗೆ ಎಂಟು ಜನ ಜೊತೆ ಹುಟ್ಟಿಕೊಂಡದ್ದನ್ನು ಕಣ್ಣಾರೆ ನೋಡದೆ ಅವಳು ನಂಬುವವಳಲ್ಲ. ಅವಳು ಬಂದದ್ದು ಚೈತ್ರಶ್ರೀಗೆ ಅನುಕೂಲವೇ ಆಯಿತು. ಒಂಬತ್ತು ಮಾಸ್ತಪ್ಪರೂ ದಾಖಲೆಯಲ್ಲಿ ಅವಿವಾಹಿತರಾಗಿದ್ದರು.

"ಅಮ್ಮಾ, ಇವರಾಗೆ ನಿಮ್ಮವರು ಯಾರು ಅಂತ ತೋರಿಸ್ಬಿಡ್ರಿ. ಒಬ್ಬರಿಗಾದ್ರೂ ಸಂಸಾರ ಅಂತ ಬರ್ಕೋತೀನಿ."

ಯಮುನಮ್ಮ ಕನ್ನಡಕ ಹಾಕಿಕೊಂಡು ಒಬ್ಬೊಬ್ಬರನ್ನೂ ಬಹಳ ಹೊತ್ತು ನೋಡಿದಳು. ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಅವಳ ಮುಖ ಹಾಗೇ ಇರುತ್ತದೆ. ಕೊನೆಗೆ ಕೆರೆ ಏರಿಯ ಮೇಲೆ ತಲೆ ಇಲ್ಲದೆ ಬಗ್ಗಿ ನಿಂತವನ ಕಡೆ ಬೆರಳು ಮಾಡಿದಳು.

"ಅವ್ನು ಯಾಕೆ?" ಎಂದು ಮಾಸ್ತಪ್ಪ ನೊಂದು ಕೇಳಿದ. "ತಲೆ ಇರೋರು ಎಂಟು ಜನ ಅದಾರಲ್ಲೇ."

"ಚಪ್ಪಲಿ ಹಾಕ್ಕೊಳ್ರೀ ಅಂತ ಎಷ್ಟು ಹೇಳಿದ್ರೂ ಕೇಳದೆ ಮುಳ್ಳು ಚುಚ್ಚಿಸ್ಕೊಂಡು ನಿಂತದ್ದು ಅವರೊಬ್ರೇ. ನಮ್ಮವ್ರಲ್ದೆ ಇನ್ಯಾರು?" ಎಂದಳು. ತಡೆದು, "ಮಾತೂ ಆಡಲ್ಲ," ಎಂದೂ ಸೇರಿಸಿದಳು.

ಸಭೆ ಅರಳಿಕಟ್ಟೆಯ ಮುಂದೆ ನಡೆಯಿತು. ನಿಜವಾದ ಊರಿನಲ್ಲಿ ಎಂದೂ ಕೂಡದ ಕೋರಂ ಅಂದು ಕೂಡಲೇ ಕೂಡಿತು. ಈಶ್ವರ್ ಸಾಹೇಬರು ಕಚೇರಿಯ ಕುರ್ಚಿಯಿಂದಲೇ ಸ್ವಾಗತ ಕೋರಿ, ಮಾಸ್ತಪ್ಪ ಎಂಬುವರು ಒಂದು ಗಿರಣಿ ಬೇಕೆಂದು ಕೇಳಿದ್ದಾರೆ, ಇದು ಯಾರಿಗೆ ಸಂಬಂಧಿಸಿದ್ದು ಎಂದು ಪ್ರಸ್ತಾಪಿಸಿದರು.

"ನಂಗೇ," ಎಂದ ಶಾಲೆಯ ಮಾಸ್ತಪ್ಪ.

"ಅದೆಂತ ನಿಂಗೆ? ಗಿರಣಿ ನಂದು," ಎಂದ ಡೇರಿಯ ಮಾಸ್ತಪ್ಪ.

"ನಮ್ಮಪ್ಪ ಹಾಕಿದ್ದು ಅದು!" ಎಂದು ಗುಡಿಯವನು ಎದ್ದ.

"ನಮ್ಮಪ್ಪನೂ!" ಎಂದು ಉಳಿದವರೆಲ್ಲ ಎದ್ದರು.

ಬೆಂಚಿನ ಮೇಲೆ ಕೂತಿದ್ದ ಮಾಸ್ತಪ್ಪನಿಗೆ ಸಿಟ್ಟು ಬಂತು. ಜೊತೆಗೆ ಹೆಮ್ಮೆಯೂ ಆಯಿತು. ಮೂರು ವಾಕ್ಯ ಕಲಿತು ಹೊರಟವರು ಎಷ್ಟು ಗಟ್ಟಿಯಾಗಿ ವಾದ ಮಾಡುತ್ತಾರೆ! ತಾನು ಒಬ್ಬನೇ ಇದ್ದಾಗ ಪಂಚಾಯಿತಿಯಲ್ಲಿ ಒಂದು ಸಲವೂ ಹೀಗೆ ಎದ್ದು ಮಾತಾಡಿರಲಿಲ್ಲ. ಒಬ್ಬನೇ ಇದ್ದದ್ದು ಇಷ್ಟು ಕಡಿಮೆ ಎಂದು ಅವನಿಗೆ ಹಿಂದೆಂದೂ ಅನ್ನಿಸಿರಲಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ರಾಜಿಯಾಯಿತು. ಎಂಟು ಮತಗಳಿಂದ, ವಿರೋಧವಿಲ್ಲದೆ, ಒಬ್ಬರು ತಲೆ ಇಲ್ಲದ ಕಾರಣ ತಟಸ್ಥರಾಗಿ, ತಲಾ ಒಂದರಂತೆ ಒಂಬತ್ತು ಗಿರಣಿಗಳನ್ನು ಅವರವರು ನಿಂತ ಜಾಗದಲ್ಲೇ ಮಂಜೂರು ಮಾಡಲಾಯಿತು. ಹುಲ್ಲಿನ ಜಾಗದಲ್ಲಿ ಯಾರೂ ನಿಂತಿರಲಿಲ್ಲವಾದ್ದರಿಂದ ಅಲ್ಲಿಗೆ ಏನೂ ಮಂಜೂರಾಗಲಿಲ್ಲ.

"ಒಂದೂ ಇಲ್ಲದ ಊರಿಗೆ ಒಂದೇ ದಿನದಾಗೆ ಒಂಬತ್ತು ಗಿರಣಿ!" ಎಂದು ಈಶ್ವರ್ ಸಾಹೇಬರು ಕಣ್ಣು ಒರೆಸಿಕೊಂಡರು. ಕನ್ನಡಕ ಬಿಗಿಯಾಗಿತ್ತೋ, ಸಂತೋಷವೋ, ಹೇಳುವುದು ಕಷ್ಟ.

"ಸಾರ್, ನನ್ನದೊಂದು ಇತ್ತಲ್ಲ ಸಾರ್. ಅದು?"

"ಅದು ಇಲ್ವಲ್ರೀ."

ಮಾಸ್ತಪ್ಪ ಮತ್ತೊಮ್ಮೆ ಕನ್ನಡಕ ಹಾಕಿಕೊಂಡು ಹುಲ್ಲಿನ ಮುಂದೆ ಹೋಗಿ ನಿಂತ. ನೋಡುತ್ತಾ ನಿಲ್ಲುವುದು ಅವನಿಗೆ ಗೊತ್ತಿದ್ದ ಕೆಲಸ. ಸುಮಾರು ಹೊತ್ತು ನಿಂತವನಿಗೆ ಒಂದು ಸಂಗತಿ ಕಂಡಿತು. ರಸ್ತೆಯ ಕಂಬದಿಂದ ಎರಡು ತಂತಿ ಹೊರಟು ನೇರ ಹುಲ್ಲಿನೊಳಗೆ ಹೋಗಿದ್ದವು.

"ಸಾರ್, ಅವಳೀಲಿ ಇದ್ದದ್ದು ಊರಲ್ಲಿ ಇರ್‍ಬೇಕು ಅಲ್ದನ?"

"ಇರತಕ್ಕದ್ದು."

"ಹಂಗಾರೆ ಇಲ್ನೋಡಿ. ಹುಲ್ಲಿಗೆ ಕರೆಂಟ್ ಅದೆ. ಸೋಮವಾರ ತಂತಿ ತೆಗೆದ್ರೆ ನಿಯಮ ಮುರಿದಂಗೆ ಆಗಲ್ವಾ?"

ಈಶ್ವರ್ ಸಾಹೇಬರು ಬಂದು ನೋಡಿದರು. ಹುಲ್ಲಿಗೆ ವಿದ್ಯುತ್ ಕೊಡಬಾರದೆಂದು ಯಾವ ನಿಯಮದಲ್ಲೂ ಇರಲಿಲ್ಲ. ಚೌಡೇಶನಿಗೆ ಕೊಟ್ಟ ಆದೇಶವನ್ನು ಅಲ್ಲಿಯೇ ರದ್ದುಗೊಳಿಸಿ, "ಒಂಬತ್ತರಾಗೆ ನೀವೇ ಬುದ್ಧಿವಂತರು," ಎಂದು ಮಾಸ್ತಪ್ಪನ ಬೆನ್ನು ತಟ್ಟಿದರು. ಹೊರಗಿನಿಂದ ನೋಡಿದವರಿಗೆ ಹುಲ್ಲೇ ಕಾಣಬೇಕು, ಅಷ್ಟೇ ಷರತ್ತು. ಮಾಸ್ತಪ್ಪ ಊರಿಗೆ ಬಂದವನೇ ಗಿರಣಿಯ ಗೋಡೆ, ಮಾಡು ಎಲ್ಲಕ್ಕೂ ಹುಲ್ಲು ಹೊದಿಸಿದ. ಬಾಗಿಲ ಜಾಗದಲ್ಲಿ ಒಂದು ಕಂತೆ ಸರಿಸಿ ಒಳಗೆ ಹೋಗಬೇಕು. ಒಂದೇ ವಾರದಲ್ಲಿ ಊರಿನ ಹೆಂಗಸರು "ಹುಲ್ಲು ಓಡ್ತಾ ಅದೆಯನ?" ಎಂದು ಕೇಳಿಕೊಂಡು ಚೀಲ ಹಿಡಿದು ಬರುವುದು ಅಭ್ಯಾಸವಾಯಿತು. ಹುಲ್ಲಿನ ಹಿಟ್ಟು ತಣ್ಣಗಿರುತ್ತದೆ, ರೊಟ್ಟಿ ಮೆತ್ತಗಾಗುತ್ತದೆ ಎಂದೂ ಹೆಸರಾಯಿತು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಒಂದೇ ಸಭೆಯಲ್ಲಿ ಒಂಬತ್ತು ಗಿರಣಿ ಮಂಜೂರು ಮಾಡಿದ ಊರೆಂದು ಎಮ್ಮೆಗುಂಡಿಕೊಪ್ಪದ ಹೆಸರು ಮೇಲಿನವರ ಕಿವಿಗೆ ಬಿತ್ತು. ಮಾದರಿ ಗ್ರಾಮ ಪ್ರಶಸ್ತಿಗೆ ಪರಿಶೀಲನಾ ತಂಡ ಬರುತ್ತದೆಂದು ತಿಳಿದದ್ದೇ ಈಶ್ವರ್ ಸಾಹೇಬರ ಮುಖ ಬಿಳುಚಿತು. ತಂಡದವರ ಕನ್ನಡಕ ಹೊಸ ಮಾದರಿಯದು. ಅದರಲ್ಲಿ ನಿಜವಾದ ಊರಿನ ಮೇಲೆ ಅವಳಿ ಊರು ಹೊದಿಸಿದಂತೆ ಕಾಣುತ್ತದೆ, ವ್ಯತ್ಯಾಸವಿದ್ದಲ್ಲಿ ಕೆಂಪು ಮಿನುಗುತ್ತದೆ. ಅವಳಿಯಲ್ಲಿ ಒಂಬತ್ತು ಮಾಸ್ತಪ್ಪ, ಒಂಬತ್ತು ಗಿರಣಿ. ಊರಿನಲ್ಲಿ ಒಬ್ಬ ಮಾಸ್ತಪ್ಪ, ಒಂದು ಹುಲ್ಲು.

ಗಿರಣಿಯ ಸಮಸ್ಯೆ ಸುಲಭವಾಗಿ ಬಗೆಹರಿಯಿತು. ಅಟ್ಟದ ಮೇಲಿದ್ದ ಬೀಸೋಕಲ್ಲುಗಳನ್ನು ಇಳಿಸಿ ತೊಳೆದು ಒಂಬತ್ತು ಜಾಗದಲ್ಲಿ ಇಟ್ಟರು; ಗಿರಣಿಯ ವ್ಯಾಖ್ಯೆಯಲ್ಲಿ ಅವು ಬರುತ್ತವೆ ಎಂದು ಸಾಹೇಬರು ಬರೆದುಕೊಂಡರು. ಮಾಸ್ತಪ್ಪರ ಕೊರತೆ ನೀಗಿಸಲು ಮಾತ್ರ ಪ್ರಕಟಣೆ ಹೊರಡಿಸಬೇಕಾಯಿತು. ಮೈಕಿನ ಆಟೋ ಮತ್ತೆ ಬಂತು. "ಎಮ್ಮೆಗುಂಡಿಕೊಪ್ಪ ಗ್ರಾಮದಲ್ಲಿ ಖಾಲಿ ಇರುವ ಮಾಸ್ತಪ್ಪ ಹುದ್ದೆಗಳಿಗೆ ಅರ್ಜಿ ಆಹ್ವಾನಿಸಲಾಗಿದೆ. ಕೈ ಹಿಂದೆ ಕಟ್ಟಿಕೊಂಡು ನಿಲ್ಲುವ ಅನುಭವವುಳ್ಳವರಿಗೆ ಆದ್ಯತೆ. ಲುಂಗಿ ಮತ್ತು ಟವೆಲನ್ನು ಪ್ರಾಧಿಕಾರವೇ ಒದಗಿಸುವುದು."

ಊರಿನ ಗಂಡಸರೆಲ್ಲ ಅರ್ಜಿ ಹಾಕಿದರು. ಮಾಸ್ತಪ್ಪನೂ ಹಾಕಿದ. ತನ್ನದು ಔಪಚಾರಿಕ, ಒಂದು ಹುದ್ದೆ ಹೇಗೂ ಗಟ್ಟಿ ಎಂದು ಅವನ ಎಣಿಕೆ. ಸಂದರ್ಶನ ಶಾಲೆಯ ಕೊಠಡಿಯಲ್ಲಿ. ಆಯ್ಕೆ ಸಮಿತಿಯಲ್ಲಿ ಈಶ್ವರ್ ಸಾಹೇಬರು, ಮುಖ ಹೋಲಿಸುವ ಯಂತ್ರ ಹಿಡಿದ ಚೈತ್ರಶ್ರೀ, ವಿಷಯ ತಜ್ಞರಾಗಿ ಯಮುನಮ್ಮ.

ರಾಜಪ್ಪ ಒಳಗೆ ಬಂದು, ಟವೆಲು ಕೊಡವಿ ಹೆಗಲಿಗೆ ಹಾಕಿ, ಕತ್ತನ್ನು ಕೊಕ್ಕರೆಯ ಹಾಗೆ ಮುಂದೆ ಚಾಚಿ "ಎಂತದ್ರೀ ಇದು?" ಎಂದಾಗ ಸಮಿತಿ ಬೆರಗಾಯಿತು. ಯಮುನಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು.

ಮಾಸ್ತಪ್ಪನ ಸರದಿ ಬಂತು. ಸಮಿತಿ ನೋಡುತ್ತಿದೆ ಎಂದರೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಮುಂದೆ ಕಟ್ಟಿದ, ಬಿಟ್ಟ, ಹಿಂದೆ ಕಟ್ಟಿದ. ಜೀವಮಾನವೆಲ್ಲ ಲೀಲಾಜಾಲವಾಗಿ ಹೇಳಿದ ಮಾತು ಹಿಂದುಮುಂದಾಗಿ "ಇದು... ಎಂತದು... ರೀ?" ಎಂದು ಹೊರಬಂತು. ಯಂತ್ರವು ಶೇಕಡಾ ಅರವತ್ತೊಂದು ಎಂದು ತೋರಿಸಿತು. ಫಲಿತಾಂಶದ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ, "ಅಭ್ಯರ್ಥಿಯಲ್ಲಿ ಮಾಸ್ತಪ್ಪತನದ ಕೊರತೆ ಇದೆ. ಕಾಯ್ದಿರಿಸಿದೆ," ಎಂದು ಬರೆದಿದ್ದರು. ತಲೆ ಇಲ್ಲದ ಹುದ್ದೆಗೆ ಮಾತ್ರ ಯಾರೂ ಅರ್ಹರಾಗಲಿಲ್ಲ, ಬಂದವರಿಗೆಲ್ಲ ತಲೆ ಇತ್ತು. ಆ ಜಾಗದಲ್ಲಿ ಒಂದು ಬೆದರುಗೊಂಬೆಗೆ ಲುಂಗಿ ಉಡಿಸಿ, ತಲೆಯ ಮಡಕೆ ಕಿತ್ತು ನಿಲ್ಲಿಸಿದರು.

"ನೀನೂ ಅಂಕ ಕಡಿಮೆ ಕೊಟ್ಯನೇ?" ಎಂದು ಸಂಜೆ ಊಟಕ್ಕೆ ಕೂತಾಗ ಮಾಸ್ತಪ್ಪ ಕೇಳಿದ.

"ಸುಳ್ಳು ಹೇಳಕ್ಕಾಗ್ತದನ್ರೀ? ರಾಜಪ್ಪಣ್ಣ ನಿಮಗಿಂತ ಚೆನ್ನಾಗಿ ಮಾಡಿದ್ರು. ಬೇಜಾರು ಮಾಡ್ಕಬೇಡಿ. ಅವರ ಹತ್ರ ಸ್ವಲ್ಪ ಕಲ್ತ್ಕೊಳ್ಳಿ."

ಮಾಸ್ತಪ್ಪನಿಗೆ ಅನ್ನ ಸೇರಲಿಲ್ಲ. ಒಂಬತ್ತರಲ್ಲಿ ಒಂದಾಗುವುದಕ್ಕೂ ತನ್ನ ಕೈಲಿ ಆಗಲಿಲ್ಲವಲ್ಲ ಎಂದು ಕೊರಗಿದ. ಮಾರನೆಯ ದಿನದಿಂದ ಹುಲ್ಲಿನ ಕೆಲಸ ಮುಗಿದ ಮೇಲೆ ರಾಜಪ್ಪನ ಅಂಗಡಿಗೆ ಹೋಗಿ ಅಭ್ಯಾಸ ಮಾಡತೊಡಗಿದ. ರಾಜಪ್ಪ ಸಂಕೋಚವಿಲ್ಲದೆ ಹೇಳಿಕೊಟ್ಟ. "ಕತ್ತು ಇನ್ನೂ ಮುಂದೆ ಬರ್ಲಿ ಮಾರಾಯ. ಕಣ್ಣಲ್ಲಿ ಆಸೆ ಕಾಣ್ಬೇಕು. ನಿನ್ನದೇ ಅಂಗಡಿ ಸುಡ್ತಾ ಇದ್ರೂ ಪಕ್ಕದವರ ಹೊಗೆ ನೋಡೋ ಹಾಂಗೆ ನಿಲ್ಲಬೇಕು."

ಪರಿಶೀಲನೆಯ ದಿನ ಎಂಟು ಮಾಸ್ತಪ್ಪರೂ ಬೆಳಿಗ್ಗೆಯೇ ತಮ್ಮ ತಮ್ಮ ಬೀಸೋಕಲ್ಲಿನ ಪಕ್ಕ ನಿಂತರು. ತಂಡದ ಮುಖ್ಯಸ್ಥೆ ರಾಜೇಶ್ವರಮ್ಮ ಮೇಡಂ ಹೊಸ ಕನ್ನಡಕ ಹಾಕಿ ಅರಳಿಕಟ್ಟೆಯಿಂದ ಶುರು ಮಾಡಿದರು. ಶಾಲೆ, ಡೇರಿ, ಗುಡಿ, ಎಲ್ಲ ಸರಿಹೊಂದಿತು. ಕೆರೆ ಏರಿಯ ಬೆದರುಗೊಂಬೆಯೂ ಸರಿಹೊಂದಿತು. ಹುಲ್ಲಿನೊಳಗಿಂದ ಗಡಗಡ ಸದ್ದು ಬರುತ್ತಿದ್ದುದನ್ನು ಗಮನಿಸಿದರಾದರೂ ಕನ್ನಡಕ ಕೆಂಪಾಗದ್ದರಿಂದ ಸದ್ದನ್ನು ಪರಿಗಣಿಸಲಿಲ್ಲ.

ಅವರು ಚಹಾದಂಗಡಿಯ ಕಡೆ ತಿರುಗುವಷ್ಟರಲ್ಲಿ ಒಳಗೆ ರಾಜಪ್ಪನ ಒಲೆಯ ಮೇಲಿದ್ದ ಎಣ್ಣೆ ಹೊತ್ತಿಕೊಂಡಿತು. ಅಂಗಡಿಯ ಮುಂದೆ ನಿಂತಿದ್ದ ರಾಜಪ್ಪ ಕಸುಬುದಾರ ಮಾಸ್ತಪ್ಪನಾದರೂ ಅವನಿಗೆ ತಡೆಯಲಾಗಲಿಲ್ಲ. ಲುಂಗಿ ಎತ್ತಿ ಕಟ್ಟಿ ಒಳಗೆ ಓಡಿದ. ಜಾಗ ಖಾಲಿ. ಈಶ್ವರ್ ಸಾಹೇಬರು ಮಾಸ್ತಪ್ಪನ ರಟ್ಟೆ ಹಿಡಿದು ಅಲ್ಲಿಗೆ ದೂಡಿದರು. "ನಿಲ್ರಿ ಮಾರಾಯ್ರೆ! ಕಾಯ್ದಿರಿಸಿದ ಪಟ್ಟೀಲಿ ನೀವೊಬ್ರೇ ಇರೋದು."

ಮಾಸ್ತಪ್ಪ ನಿಂತ. ಒಳಗಿನಿಂದ ಹೊಗೆ ಬರುತ್ತಿತ್ತು, ರಾಜಪ್ಪ ಬೊಬ್ಬೆ ಹಾಕುತ್ತಿದ್ದ, ಎದುರಿಗೆ ಹಿಂದೆಂದೂ ನೋಡಿರದಂಥ ಕನ್ನಡಕ ಹಾಕಿಕೊಂಡ ಹೆಂಗಸು. ಅವನಿಗೆ ಅಭ್ಯಾಸ ಮಾಡಿದ್ದೆಲ್ಲ ಮರೆತೇ ಹೋಯಿತು. ಆ ಕನ್ನಡಕದ ಅಂಚಿನಲ್ಲಿ ಹಸಿರು ದೀಪವೊಂದು ಮಿಣಮಿಣ ಎನ್ನುತ್ತಿತ್ತು. ಕೈ ತಾನಾಗಿಯೇ ಹಿಂದೆ ಹೋಯಿತು, ಕತ್ತು ತಾನಾಗಿಯೇ ಮುಂದೆ ಬಂತು.

"ಎಂತದ್ರೀ ಇದು?" ಎಂದ.

ರಾಜೇಶ್ವರಮ್ಮ ಮೇಡಂ ಕನ್ನಡಕ ತೆಗೆದರು. ಅವರ ಸೇವಾವಧಿಯಲ್ಲಿ ಹಾಗೆ ತೆಗೆದದ್ದು ಅದೇ ಮೊದಲಂತೆ. "ಈ ಮನುಷ್ಯ ಯಾರ್ರೀ?"

"ಮಾಸ್ತಪ್ಪನ ಬದಲಿಗೆ ನಿಂತವರು ಮೇಡಂ."

"ಉಳಿದವರೆಲ್ಲ ಪಾತ್ರ ಮಾಡ್ತಿದ್ದಾರೆ. ಇವರಲ್ಲಿ ಜೀವ ಇದೆ. ಇಂಥ ಪ್ರತಿಭೆಯನ್ನ ಇಂಥ ಸಣ್ಣ ಊರಲ್ಲಿ ಇಟ್ಕೊಂ‌ಡು ಏನ್ ಮಾಡ್ತಿದ್ದೀರಿ?"

ಪ್ರಶಸ್ತಿ ಎಮ್ಮೆಗುಂಡಿಕೊಪ್ಪಕ್ಕೇ ಬಂತು. ಎಣ್ಣೆಯ ಬೆಂಕಿ ಆರಿತು, ರಾಜಪ್ಪನ ಹುಬ್ಬು ಮಾತ್ರ ಹೋಯಿತು. ಮರುದಿನವೇ ಉಳಿದ ಮಾಸ್ತಪ್ಪರೂ ಏಕರೂಪತೆಯ ದೃಷ್ಟಿಯಿಂದ ಹುಬ್ಬು ಬೋಳಿಸಿಕೊಂಡರು. ವಾರದೊಳಗೆ ಮಾಸ್ತಪ್ಪನ ಕೈಗೆ ಆದೇಶ ಬಂತು. ಅವನ ಅಸಾಧಾರಣ ಸಹಜತೆಯನ್ನು ಪರಿಗಣಿಸಿ ಬಡ್ತಿ ನೀಡಿ, ಬಳ್ಳಿಗಾವಿಗೆ ವರ್ಗಾಯಿಸಲಾಗಿತ್ತು. ಅಲ್ಲಿನ ಅವಳಿಯಲ್ಲಿ ನಾಗರಾಜ್ ಎಂಬುವರು ದೇವಸ್ಥಾನದ ಸುತ್ತ ನಾಲ್ಕು ಕಡೆ ನಿಂತಿದ್ದು, ಮೂರನೆಯ ನಾಗರಾಜ್ ಹುದ್ದೆ ಖಾಲಿ ಇತ್ತು.

"ನಂಗೆ ನಾಗರಾಜ್ ಆಗಿ ರೂಢಿ ಇಲ್ಲ ಸಾರ್," ಎಂದು ಮಾಸ್ತಪ್ಪ ಹೋಗಿ ಹೇಳಿಕೊಂಡ.

"ಮಾಸ್ತಪ್ಪ ಆಗಿ ಇತ್ತೇನ್ರೀ?" ಎಂದರು ಈಶ್ವರ್ ಸಾಹೇಬರು. "ಎಲ್ಲ ಕಲಿತ್ಕೋಬೇಕು. ಹೋಗಿ ಬರ್ರಿ, ಒಳ್ಳೇದಾಗ್ಲಿ."

ಮಾಸ್ತಪ್ಪ ಈಗ ಬೆಳಿಗ್ಗೆ ಎದ್ದು ಪ್ಯಾಂಟು ತೊಟ್ಟು ಬಸ್ಸು ಹತ್ತುತ್ತಾನೆ. ಗಿರಣಿಯನ್ನು ಯಮುನಮ್ಮ ನೋಡಿಕೊಳ್ಳುತ್ತಾಳೆ, ಮೆಣಸಿನಕಾಯಿಗೆ ಬೇರೆ ದಿನ ಗೊತ್ತು ಮಾಡಿದ್ದಾಳೆ. ಅವನು ಸಂಜೆಯವರೆಗೆ ಬಳ್ಳಿಗಾವಿಯ ದೇವಸ್ಥಾನದ ಎಡಗಡೆ ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾನೆ, ಬಂದವರಿಗೆ ಚಪ್ಪಲಿ ಹೊರಗೆ ಬಿಡಿ ಎನ್ನುತ್ತಾನೆ, ಉಳಿದ ಮೂವರು ನಾಗರಾಜರೊಂದಿಗೆ ಕಡಲೆ ಹಂಚಿಕೊಂಡು ತಿನ್ನುತ್ತಾನೆ. ಕೆಲಸ ಹಿಡಿಸಿದೆ. ನಿಜವಾದ ನಾಗರಾಜ್ ಒಂದೆರಡು ಸಲ ಬಂದು ಅವನನ್ನು ನೋಡಿ, ಮೆಚ್ಚಿ, ಒಂದು ಸಣ್ಣ ತಿದ್ದುಪಡಿ ಹೇಳಿ ಹೋಗಿದ್ದಾನೆ.

ಸಂಜೆ ಬಸ್ಸು ಇಳಿದು ಊರಿನೊಳಗೆ ನಡೆದು ಬರುವಾಗ ಅರಳಿಕಟ್ಟೆಯ ಮಾಸ್ತಪ್ಪ, ಡೇರಿಯ ಮಾಸ್ತಪ್ಪ ಕೈ ಬೀಸುತ್ತಾರೆ. ಮನೆಯ ಬಾಗಿಲಲ್ಲಿ ಕಾಲು ತೊಳೆಯಲು ನೀರು ಇಟ್ಟಿರುತ್ತದೆ.

"ಬಂದ್ರನ ನಾಗರಾಜಣ್ಣ?" ಎನ್ನುತ್ತಾಳೆ ಯಮುನಮ್ಮ. "ಒಳಗೆ ಬನ್ನಿ. ರೊಟ್ಟಿ ಬಿಸಿ ಅದೆ."